ಮೋಟಾರು ಹಾಕಿದರೆ ನಿಲ್ಲುವ ಮದುವೆ

ನನ್ನ ತಂಗಿಯ ಮದುವೆ ಒಂದೇ ದಿನದಲ್ಲಿ ಮುಗಿಯಿತು. ಅದನ್ನು ಡಿವಿಡಿ ಮಾಡುವುದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ನಾನು ಬೈಯದೆ ಬಿಟ್ಟವರು ಯಾರೂ ಇಲ್ಲ, ದೇವರೂ ಸೇರಿ.

ಮೊದಲ ಬೈಗುಳ ಸಲ್ಲಬೇಕಾದ್ದು ವರನ ಗೆಳೆಯನಿಗೆ. ಕೊಯಮತ್ತೂರಿನಿಂದ ಹೊಸ ಹೈ ಡೆಫಿನಿಷನ್ ಕ್ಯಾಮೆರಾ ತಂದು, ನಮ್ಮ ಮನೆ ಮುಂದಿನ ಚಪ್ಪರದಲ್ಲಿ ಕುರ್ಚಿ ಹತ್ತಿ ಇಳಿದು ಸಿಕ್ಕಿದ್ದನ್ನೆಲ್ಲ ಹಿಡಿದ. ಒಟ್ಟು ಅರವತ್ತಮೂರು ತುಂಡು. ಎಲೆ ಮುಂದೆ ಕೂತ ಮುದುಕರೊಬ್ಬರು ಪಾಯಸಕ್ಕೆ ಕಾಯುವುದೇ ಆರು ನಿಮಿಷವಿತ್ತು. ಅಷ್ಟನ್ನೂ ನನ್ನ ಕಂಪ್ಯೂಟರಿಗೆ ಸುರಿದು, "ಡಿವಿಡಿ ನೀವೇ ಮಾಡ್ಕೊಳ್ಳಿ ಟೀಚರ್, ಬಹಳ ಸುಲಭ" ಎಂದು ಹೇಳಿ ದಿಂಬಂ ಘಾಟಿ ಇಳಿದುಹೋದ.

ಆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರು ಇದ್ದದ್ದು ಶಾಲೆಯ ಪ್ರಶ್ನೆಪತ್ರಿಕೆ ಟೈಪು ಮಾಡಲಿಕ್ಕೆ. ಅದರಲ್ಲಿ ಈ ವಿಡಿಯೋ ಹಾಕಿದರೆ ಮದುಮಗಳು ಒಂದು ಹೆಜ್ಜೆ ಇಟ್ಟು ನಿಂತುಬಿಡುತ್ತಿದ್ದಳು. ಟಿವಿಯಲ್ಲಿ ನೋಡಬೇಕಾದರೆ ಎಲ್ಲವನ್ನೂ ಡಿವಿಡಿಗೆ ಒಗ್ಗುವಂತೆ ಬದಲಿಸಬೇಕು. ಅದಕ್ಕೊಂದು ಸಾಫ್ಟ್‌ವೇರು ಸಿಕ್ಕಿತು. ಅರವತ್ತಮೂರನ್ನೂ ಸಾಲಾಗಿ ಕೊಟ್ಟು ಗುಂಡಿ ಒತ್ತಿದರೆ ಒಂದಾದ ಮೇಲೊಂದು ತಾನೇ ಮಾಡುತ್ತಿತ್ತು. ನಡುವೆ ಕೆಟ್ಟು ನಿಂತರೆ ಮಾತ್ರ ಮತ್ತೆ ಒಂದನೆಯದರಿಂದಲೇ ಶುರು. ಐದೈದಾಗಿ ಕೊಡಬಹುದಿತ್ತಲ್ಲ ಎಂದು ಈಗ ಹೇಳುವವರಿದ್ದಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬೇರೆ ಯಾರಿಗಾದರೂ ಆಗಿದ್ದರೆ ಎಂದೋ ಕೈಬಿಡುತ್ತಿದ್ದೆ. ಅತ್ತೆಗಾಗಿ ಬಿಡಲಾಗಲಿಲ್ಲ. ಅವರು ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಗೆಟ್ಟವಾಡಿಯಿಂದ ತವರಿಗೆ ಬಂದವರು. ತಂಗಿಗೆ ನೀರು ಹಾಕಿ, ಜಡೆ ಹೆಣೆದು, ಸಾಕಿ ಬೆಳೆಸಿದ್ದು ಅವರೇ. ಆದರೂ ಧಾರೆಯ ಹೊತ್ತಿಗೆ ಚಪ್ಪರದೊಳಗೆ ಬರಲಿಲ್ಲ. ಬರಬೇಡಿ ಎಂದು ಯಾರೂ ಹೇಳಲಿಲ್ಲ. ಹೇಳಿಸಿಕೊಳ್ಳುವ ಮೊದಲೇ ಅಡುಗೆಮನೆ ಸೇರಿಕೊಂಡಿದ್ದರು. ಕರೆಯಲು ನನಗೂ ಬಾಯಿ ಬರಲಿಲ್ಲ. ಆ ಸಿಟ್ಟು ನನ್ನ ಮೇಲೆ ನನಗೆ ಇವತ್ತಿಗೂ ಇದೆ.

ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ ಕೇಳುವರು: "ಆಯ್ತಾ ಮಗ? ಧಾರ ಉಯ್ಯದ ನೋಡ್ಬೌದಾ?"

"ಇನ್ನೂ ವಸಿ ಅದ ಅತ್ತೆ."

ಆಗದಿದ್ದುದಕ್ಕೆ ಕಾರಣ ಅಪ್ಪನ ಮೋಟಾರು. ಹೊತ್ತುಗೊತ್ತಿಲ್ಲದೆ ಬರುವ ತ್ರೀಫೇಸ್ ಕರೆಂಟು ಬಂದೊಡನೆ ಊರಿಗೆ ಊರೇ ಪಂಪ್‌ಸೆಟ್ಟಿಗೆ ಓಡುತ್ತಿತ್ತು. ಊರವರ ಮೋಟಾರುಗಳನ್ನು ನನ್ನ ಕಂಪ್ಯೂಟರು ಹೇಗೋ ತಾಳಿಕೊಳ್ಳುತ್ತಿತ್ತು. ಮನೆ ಹಿಂದಿನ ನಮ್ಮದೂ ಸೇರಿತೋ, ಬಲ್ಬು ಕೆಂಪಗಾಗಿ, ಪರದೆ ಕಪ್ಪಾಗಿ, ನಲವತ್ತೊಂದನೆಯ ತುಂಡಿಗೆ ಮದುವೆ ನಿಲ್ಲುತ್ತಿತ್ತು. ಯುಪಿಎಸ್ಸು ಇತ್ತು. ಕಂಪ್ಯೂಟರು ಸತ್ತಿತೆಂದು ಕೀರಲು ದನಿಯಲ್ಲಿ ಸಾರುವುದಷ್ಟೇ ಅದಕ್ಕೆ ಬರುತ್ತಿತ್ತು.

ಒಂದು ದಿನ ಕೂಗಾಡಿಬಿಟ್ಟೆ. ಅಪ್ಪ ಪಂಚೆ ಎತ್ತಿಕಟ್ಟಿಕೊಂಡು ಒಳಗೆ ಬಂದ. "ಎಲೆಕೋಸು ಬಾಡೋಯ್ತಾ ಅದ ಕಣವ್ವ. ಮದ್ವ ಆಗೋಯ್ತಲ್ಲ, ಅದೆಲ್ಲಿಗೋದದು? ಒಲ ಕಾಯ್ಕಂಡಿರ್ತದಾ?"

ಎರಡು ಮೂರು ಸಲ ಹೇಗೋ ಅರವತ್ತಮೂರೂ ಮುಗಿದವು. ಪ್ರತಿ ಸಲವೂ ಡಿಸ್ಕಿಗೆ ಬರೆಯುವಾಗ ಅಪ್ಪ ಮೋಟಾರು ಹಾಕಿದ; ಡಿಸ್ಕೂ ಕೆಟ್ಟಿತು, ಎಲ್ಲವೂ ಮತ್ತೆ ಒಂದನೆಯದರಿಂದ. ಕೆಟ್ಟ ಡಿಸ್ಕುಗಳನ್ನು ಅಪ್ಪ ಬಹಳ ಪ್ರೀತಿಯಿಂದ ಒಯ್ದು ಹಕ್ಕಿ ಓಡಿಸಲು ಹೊಲದಲ್ಲಿ ದಾರ ಕಟ್ಟಿ ನೇತುಹಾಕಿದ. ಬಸ್ಸಿನಿಂದ ಇಳಿದರೆ ಮೊದಲು ಕಾಣುತ್ತಿದ್ದದ್ದು ಅದೇ. ತಂಗಿಯ ಮದುವೆ ಕೋಸಿನ ಮೇಲೆ ಫಳಫಳ ತಿರುಗುತ್ತಿತ್ತು.

ಕೊನೆಗೊಂದು ಭಾನುವಾರ ಬೆಳಗ್ಗೆ ಅತ್ತೆ ಮೋಟಾರು ಶೆಡ್ಡಿಗೆ ಬೀಗ ಜಡಿದು, ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದರು. ಆ ಮನೆಯಲ್ಲಿ ಅವರು ಅದುವರೆಗೆ ಒಂದು ಡಬ್ಬಿಯನ್ನೂ ತಮ್ಮದೆಂದು ಮುಚ್ಚಿಟ್ಟವರಲ್ಲ.

"ಒಂದಿನಕ್ಕ ಕೋಸು ಸಾಯಲ್ಲ ಕಣ್ಲಾ" ಎಂದರು ಅಪ್ಪನಿಗೆ. ಅಕ್ಕನಿಗೆ ಎದುರಾಡಿ ಗೊತ್ತಿಲ್ಲದ ಅಪ್ಪ ಇಡೀ ದಿನ ಶೆಡ್ಡಿನ ಸುತ್ತ ಸುಳಿದಾಡಿದ.

ಪುಣ್ಯಕ್ಕೆ ಆ ದಿನ ಕರೆಂಟೂ ಹೋಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಡಿಸ್ಕು ಕೈಗೆ ಬಂತು. ಸರ್ಕಾರ ಪುಕ್ಕಟೆ ಕೊಟ್ಟ ಟಿವಿಯ ಮುಂದೆ ಅಪ್ಪ, ಅವ್ವ, ಅತ್ತೆ, ನಾನು ಕೂತೆವು.

ಧಾರೆ ಬಂತು. ಹಾಲು ಬಿತ್ತು, ಅಕ್ಷತೆ ಹಾರಿತು. ಆ ಗೆಳೆಯ ಕುರ್ಚಿ ಹತ್ತಿ ಹಿಡಿದಿದ್ದರಿಂದ ಜನರ ತಲೆಗಳ ಮೇಲೆ ನಮ್ಮ ಅಡುಗೆಮನೆಯ ಕಿಟಕಿಯೂ ಬಂದಿತ್ತು. ಕಂಬಿಗಳ ಹಿಂದೆ ಅತ್ತೆ ನಿಂತಿದ್ದರು. ಮುಖ ಧಾರೆಯ ಕಡೆಗೇ ಇತ್ತು, ಕೈ ಮುಗಿದಿದ್ದರು. ಕಣ್ಣು ಮಾತ್ರ ಬಿಗಿಯಾಗಿ ಮುಚ್ಚಿದ್ದರು, ತಮ್ಮ ನೋಟ ಆ ಹುಡುಗಿಯ ಮೇಲೆ ಬೀಳಬಾರದೆಂದು.

ಅವ್ವ ನೆಲ ನೋಡತೊಡಗಿದಳು. ಅತ್ತೆಗೆ ಗಾಬರಿಯಾಯಿತು. "ಅಯ್ಯೋ, ನಾ ಬಂದ್ಬುಟ್ಟಿವ್ನಲ್ಲ! ನನ್ನ ಅಳ್ಸಾಕ್ಬುಡು ಮಗ. ಧಾರ ಒತ್ನಲ್ಲಿ ನಾ ಇರ್ಬಾರ್ದು."

ಅಳಿಸಬಹುದಿತ್ತು. ಆ ಮೂಲೆ ಕತ್ತರಿಸಿ ಇನ್ನೊಂದು ಭಾನುವಾರ ಕೂತಿದ್ದರೆ ಆಗುತ್ತಿತ್ತು.

"ಆಗಲ್ಲ ಅತ್ತೆ" ಎಂದೆ, ಎರಡು ತಿಂಗಳ ಸಿಟ್ಟನ್ನೆಲ್ಲ ಸೇರಿಸಿ. "ನಿಮ್ಮ ತಗುದ್ರ ಧಾರೇನೂ ಒಯ್ತದ."

ಅಷ್ಟರಲ್ಲಿ ಪಕ್ಕದ ಹೊಲದ ಮೋಟಾರು ಗುಂಯ್ ಎಂದಿತು. ಅಪ್ಪ ಎದ್ದು ಕೈ ಚಾಚಿದ. "ಕೀ ಕೊಡಕ್ಕ, ತ್ರೀಫೇಸ್ ಬಂತು."

"ಇರ್ಲಾ" ಎಂದರು ಅತ್ತೆ, ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು. "ಇನ್ನೊಂದ್ಸಲ ಆಕು ಮಗ. ಈ ಸಲ ಕಣ್ ಬುಟ್ಕಂಡು ನೋಡ್ತೀನಿ."