ಎಡಗಾಲಿನ ಪೆಡಲು

“ಕಾಲೇ ಬಿದ್ದೋದ್ಮೇಲೆ ಎಂಥಾ ಡ್ರಮ್ಮರ್ ಬುಡ್ಲಾ. ಇರೋ ಎಸ್ರು ಉಳಿಸ್ಕಂಡು ಮನೇಲಿರ್ಲಿ.” ಪಾಂಡವಪುರದ ನನ್ನ ಸೌಂಡ್ ಸಿಸ್ಟಂ ಅಂಗಡಿಯಲ್ಲಿ ಗೆಳೆಯ ಪುಟ್ಟರಾಜು ಹೀಗೆನ್ನುವಾಗ ನಂಜುಂಡಣ್ಣ ಊರುಗೋಲು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಬೆಂಗಳೂರಿನ ಹೋಟೆಲುಗಳಲ್ಲಿ ರಾಕ್ ಬ್ಯಾಂಡಿಗೆ ಡ್ರಮ್ ಬಾರಿಸಿ ಹೆಸರಾದವರು. ಲಕ್ವ ಹೊಡೆದು ಬಲಗಾಲು ಸ್ವಾಧೀನ ತಪ್ಪಿತ್ತು. ದೊಡ್ಡ ಡ್ರಮ್ಮಿನ ಪೆಡಲು ಒತ್ತುವುದು ಆ ಕಾಲೇ.

ಪಕ್ಕದ ವೆಲ್ಡಿಂಗ್ ಶಾಪಿನ ಸಲೀಂ ಅವರ ಹಳೆಯ ಅಭಿಮಾನಿ. “ಎಡಗಾಲು ಗಟ್ಟಿ ಐತಲ್ಲ ಉಸ್ತಾದ್?” ಎಂದವನೇ ನನ್ನ ಅಂಗಡಿಯಲ್ಲಿದ್ದ ಡ್ರಮ್ಮಿನ ಪೆಡಲು ಬಿಚ್ಚಿಕೊಂಡು ಹೋದ. ಸಂಜೆಯೊಳಗೆ ಅದಕ್ಕೊಂದು ಸರಳು ಬೆಸೆದು, ಎಡಗಾಲಲ್ಲಿ ಒತ್ತುವಂತೆ ಮಾಡಿ ತಂದ. ನಂಜುಂಡಣ್ಣ ದಿನಾ ಬಂದು ಅಂಗಡಿಯಲ್ಲೇ ಅಭ್ಯಾಸಕ್ಕೆ ಕೂತರು.

ನನ್ನ ಸೌಂಡ್ ಗೊತ್ತುಮಾಡಿದ್ದ ಶ್ರೀರಂಗಪಟ್ಟಣದ ಕಾರ್ಯಕ್ರಮದವರು, ಪಾಪ, ನಂಜುಂಡಣ್ಣ ಒಂದು ಹಾಡಿಗೆ ಕೂರಲಿ ಎಂದರು. ನಾನು ಜಗ್ಗಲಿಲ್ಲ. ಬಾರಿಸಿದರೆ ಪೂರ್ತಿ ಕಾರ್ಯಕ್ರಮ, ಇಲ್ಲದಿದ್ದರೆ ನನ್ನ ಸ್ಪೀಕರೂ ಬರುವುದಿಲ್ಲ ಎಂದೆ. ನಂಜುಂಡಣ್ಣ ಪೂರ್ತಿ ಬಾರಿಸಿದರು.

ಮರುದಿನ ಪುಟ್ಟರಾಜು ಅಂಗಡಿಗೆ ಬಂದವನೇ ಶುರುಮಾಡಿದ. “ಕೊನೇ ಹಾಡ್ನಲ್ಲಿ ತಾಳ ಓಡಿಸ್ಬುಟ್ರು ಕಣ್ಲಾ. ವಯಸ್ನಲ್ಲಿದ್ದಾಗ್ಲೂ ಅದೇ ಚಾಳಿ ಅವ್ರುದು.”

“ನಿನ್ ಕಿವಿ ನಿಧಾನ ಕಣ್ಲಾ,” ಎಂದು ಸಲೀಂ ಜಗಳಕ್ಕೆ ನಿಂತ. ಕಾಲಿನ ಮಾತನ್ನು ಯಾರೂ ಎತ್ತಲಿಲ್ಲ. ಮೂಲೆಯಲ್ಲಿ ಟೀ ಕುಡಿಯುತ್ತಿದ್ದ ನಂಜುಂಡಣ್ಣ ಇವರ ಜಗಳ ಕೇಳಿ ನಗುತ್ತಿದ್ದರು.

ಕಲಾವಿದರಿಗೆ ಕನಿಕರ ತೋರಿಸಲು ಹೋಗಬೇಡಿ. ಮೊದಲು ವೇದಿಕೆ ಕೊಡಿ, ಆಮೇಲೆ ಬೇಕಾದಷ್ಟು ತಪ್ಪು ಹುಡುಕಿ. ನಾಗಮಂಗಲದ ಕಾರ್ಯಕ್ರಮಕ್ಕೂ ಡ್ರಮ್ಮಿಗೆ ಅವರೇ ಎಂದು ಹೇಳಿಬಿಟ್ಟಿದ್ದೇನೆ.