ಅಂಕಲ್ ಕೇಳಿದ ಮಾರ್ಚ್

ಮೇಲಿನ ಮನೆಯ ಅಂಕಲ್‌ಗೆ ದೊಡ್ಡ ತಲೆ, ಗಿಡ್ಡ ಕುತ್ತಿಗೆ. ಮನಸ್ಸಿಗೆ ಒಪ್ಪಿದರೆ ಆ ತಲೆ ಅಡ್ಡಡ್ಡ ತೂಗುತ್ತಿತ್ತು. ಅವರ ಬಲ್ಗೇರಿಯಾದಲ್ಲಿ ಅದೇ ಹೌದು. ಮೇಲೆ ಕೆಳಗೆ ಆಡಿಸಿದರೆ ಇಲ್ಲ. ನ್ಯೂಯಾರ್ಕ್ ಹತ್ತಿರದ ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದರಿಂದ ಪೇಚಿಗೆ ಸಿಕ್ಕದವರಿಲ್ಲ. ಮೈಸೂರಿನವಳಾದ ನನಗೆ ಮಾತ್ರ ಕಷ್ಟವಾಗಲಿಲ್ಲ. ಒಪ್ಪಿಗೆಗೆ ನಾವೂ ತಲೆಯನ್ನು ಅಡ್ಡ ತೂಗುವವರೇ ತಾನೆ? "ಈ ಬಿಲ್ಡಿಂಗಲ್ಲಿ ನನ್ನ ತಲೆ ಅರ್ಥ ಆಗೋದು ನಿನಗೊಬ್ಬಳಿಗೇ" ಎಂದು ತಮ್ಮ ಒರಟು ಇಂಗ್ಲಿಷಿನಲ್ಲಿ ಹೇಳಿ ನಗುತ್ತಿದ್ದರು.

ಪಿಯಾನೋಗಳ ಶ್ರುತಿ ಸರಿಮಾಡುವುದು ಅವರ ಕೆಲಸ. ನನ್ನ ಗಂಡ ತೀರಿಕೊಂಡ ವರ್ಷ, ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ಹಿಡಿದು ದಿನಾ ಬಾಗಿಲು ತಟ್ಟಿದವರು ಅವರೊಬ್ಬರೇ. "ಊಟ ಆಯ್ತಾ?" ಎನ್ನುವುದನ್ನು ನನ್ನಿಂದಲೇ ಕಲಿತಿದ್ದರು. ಉತ್ತರ ಕೇಳುವ ಮೊದಲೇ ತಟ್ಟೆ ಹುಡುಕುತ್ತಿದ್ದರು.

ಅವರಪ್ಪ ಸೈನ್ಯದ ಬ್ಯಾಂಡಿನಲ್ಲಿದ್ದವರು. ತುರ್ಕರ ವಿರುದ್ಧ ಎದ್ದ ಕ್ರಾಂತಿಕಾರರು ಹೆಜ್ಜೆ ಹಾಕುತ್ತ ಹಾಡುತ್ತಿದ್ದ ಮಾರ್ಚ್ ಒಂದು ಮುಂದೆ ಅವರ ದೇಶದ ರಾಷ್ಟ್ರಗೀತೆಯಾಯಿತಂತೆ. ರಾಗ ಯಾವುದೋ ಜರ್ಮನ್ ಹಾಡಿನದೆಂದು ಹೇಳುವವರಿದ್ದರು. ಪದಗಳನ್ನು ಮತ್ತೆ ಮತ್ತೆ ತಿದ್ದಿದರು. ಎರಡನೇ ಮಹಾಯುದ್ಧ ಮುಗಿದು ಕಮ್ಯುನಿಸ್ಟರು ಬಂದಾಗ ಹಾಡನ್ನೇ ತೆಗೆದುಹಾಕಿದರು. ಅಪ್ಪ ಮದುವೆಯೊಂದರಲ್ಲಿ ಅದನ್ನು ನುಡಿಸಿದರು. ಅವರನ್ನು ಹಿಡಿದೊಯ್ದರು, ಮತ್ತೆ ಮನೆಗೆ ಬರಲಿಲ್ಲ. ಈಗಿರುವ ರಾಷ್ಟ್ರಗೀತೆ ಆಮೇಲೆ ಆ ಸರ್ಕಾರವೇ ತಂದದ್ದು. ಅದು ಟೀವಿಯಲ್ಲಿ ಬಂದರೆ ಅಂಕಲ್ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಇವೆರಡೂ ನನಗೆ ಗೊತ್ತಾದದ್ದು ತಡವಾಗಿ.

ನಮ್ಮ ಕನ್ನಡ ಕೂಟದಲ್ಲಿ ನಾಡಗೀತೆಯನ್ನು ಪೂರ್ತಿ ಹಾಡಬೇಕೋ ಬೇಡವೋ ಎಂದು ಜಗಳವಾದದ್ದನ್ನು ಹೇಳಿದಾಗ ಹೊಟ್ಟೆ ಹಿಡಿದು ನಕ್ಕಿದ್ದರು. ಆಮೇಲೆ, "ನನ್ನ ಮಣ್ಣು ಮಾಡುವಾಗ ಅಪ್ಪನ ಮಾರ್ಚ್ ಹಾಕು. ಬಾ, ಕೀಬೋರ್ಡಲ್ಲಿ ಕಲಿಸ್ತೀನಿ" ಎಂದರು.

"ವೀಕೆಂಡ್ ಬರ್ತೀನಿ ಅಂಕಲ್" ಎಂದೆ. ನ್ಯೂಯಾರ್ಕಿಗೆ ಕಮ್ಯೂಟ್ ಮಾಡುವವಳಿಗೆ ವೀಕೆಂಡ್ ಎಂದರೆ ಬಟ್ಟೆ ಒಗೆಯುವುದು, ನಿದ್ದೆ. ಅವರು ಮೂರು ಸಲ ಕರೆದರು. ಮೂರು ಸಲವೂ ಅದನ್ನೇ ಹೇಳಿದೆ.

ಕಳೆದ ಚಳಿಗಾಲದಲ್ಲಿ ಸ್ಟ್ರೋಕ್ ಆಗಿ ಮಾತು ನಿಂತುಹೋಯಿತು. ಡಾಕ್ಟರು ಕೈಚೆಲ್ಲಿದ ಮೇಲೆ ಫೋನಿನಲ್ಲಿ ಬಲ್ಗೇರಿಯಾದ ರಾಷ್ಟ್ರಗೀತೆ ಎಂದು ಹುಡುಕಿ, ಮೊದಲು ಸಿಕ್ಕಿದ್ದನ್ನು ಅವರ ಕಿವಿಯ ಹತ್ತಿರ ಹಿಡಿದೆ. "ಇದೇನಾ ಅಂಕಲ್?" ಎಂದು ಕೇಳಿದೆ. ಅವರು ತಲೆಯನ್ನು ಮೇಲೆ ಕೆಳಗೆ ಆಡಿಸಿದರು. ಒಂದಲ್ಲ, ಐದಾರು ಸಲ, ದಿಂಬು ಅಲುಗುವಷ್ಟು ಜೋರಾಗಿ. ಕಣ್ಣಲ್ಲಿ ನೀರು ಸುರಿಯಿತು. ಆ ಹೊತ್ತಿಗೆ ನನ್ನ ಬುದ್ಧಿಗೆ ಮಂಕು ಕವಿದಿತ್ತು; ಆಫೀಸಿನಲ್ಲಿ ಎಲ್ಲರೂ ಹಾಗೆಯೇ ತಲೆಯಾಡಿಸುವುದನ್ನು ಇಷ್ಟು ವರ್ಷ ನೋಡಿದ್ದೆ. ಇಷ್ಟವಾಯಿತು ಎಂದುಕೊಂಡು ಇನ್ನೊಂದು ಸಲ ಹಾಕಿದೆ.

ಅವರನ್ನು ಮಣ್ಣು ಮಾಡಿದ ದಿನ ಮನ್ರೋ ಕಡೆಯ ಸ್ಮಶಾನದಲ್ಲಿ ನಾವು ಏಳು ಜನ ಇದ್ದೆವು. ಪೆಟ್ಟಿಗೆ ಇಳಿಯುವಾಗ ಸ್ಪೀಕರಿನಲ್ಲಿ ಅದನ್ನೇ ಹಾಕಿದೆ. ಶಿಕಾಗೋದಿಂದ ಬಂದಿದ್ದ ಅವರ ತಂಗಿಯ ಮಗಳು ಬೆಚ್ಚಿಬಿದ್ದು ನನ್ನ ತೋಳು ಹಿಡಿದಳು.

"ಇದನ್ನ ಯಾರು ಹಾಕಿದ್ದು? ಇದು ಬಂದ್ರೆ ಮಾವ ಎದ್ದು ಹೋಗ್ತಿದ್ರು!"

"ಅವರೇ ಹೂಂ ಅಂದ್ರು."

"ಮಾತೇ ಇರ್ಲಿಲ್ವಲ್ಲ? ಹೇಗೆ ಅಂದ್ರು?"

ತೋರಿಸಲು ಹೋಗಿ ನನ್ನ ತಲೆ ಮೇಲೆ ಎದ್ದು, ಕೆಳಗೆ ಬಂತು. ಅಲ್ಲೇ ನಿಂತಿತು.

ಹಾಡು ಇನ್ನೂ ಮುಗಿದಿರಲಿಲ್ಲ. ನಿಲ್ಲಿಸಲು ಫೋನ್ ತೆಗೆದೆ. ಬೇಡ, ಬೇಡ ಎಂದು ಅವರು ಐದಾರು ಸಲ ಹೇಳಿದ್ದರು, ಅವರ ತಲೆ ಅರ್ಥವಾಗುತ್ತಿದ್ದ ಒಬ್ಬಳೇ ಒಬ್ಬಳಿಗೆ.