ನಮ್ಮತ್ತೆಗೆ ನಾಯಿ ಕಚ್ಚಿದ್ದು

ಮುಳ್ಳೂರಿನ ನಮ್ಮ ಮನೆಯಲ್ಲಿ ಸೋಮವಾರ ಈರುಳ್ಳಿಯನ್ನೂ ಮುಟ್ಟುವುದಿಲ್ಲ. ಅಷ್ಟು ಕಟ್ಟುನಿಟ್ಟು ನಮ್ಮತ್ತೆ.

ಎರಡು ವರ್ಷದ ಹಿಂದೆ ಒಂದು ಸೋಮವಾರ ಮಧ್ಯಾಹ್ನ ಅವರು ಅಂಗೈಗೆ ಸೆರಗು ಸುತ್ತಿಕೊಂಡು ಒಳಗೆ ಬಂದರು.

"ಬೇಲಿ ಮುಳ್ಳು ಚುಚ್ತು ಕಣವ್ವ."

ಬಿಚ್ಚಿ ನೋಡಿದರೆ ಕೈಯ ಎರಡೂ ಕಡೆ ತೂತು, ರಕ್ತ.

"ಅತ್ತೆ, ಈ ಮುಳ್ಳಿಗೆ ಬಾಲ ಇತ್ತಾ?"

"ನಗಾಡ್ಬ್ಯಾಡ. ನಮ್ ನಾಯೇ ಕಣವ್ವ," ಎಂದು ಸುಣ್ಣದ ಡಬ್ಬಿಗೆ ಕೈ ಹಾಕಿದರು. ನಾನು ಬಿಡಲಿಲ್ಲ. ನಲ್ಲಿಯ ಕೆಳಗೆ ಕೈ ಹಿಡಿಸಿ ಕಾಲು ಗಂಟೆ ಸೋಪು ಹಚ್ಚಿ ತೊಳೆದೆ. "ಸೋಪೆಲ್ಲ ಕರಗೋಯ್ತಲ್ಲ!" ಎಂದು ಗೊಣಗುತ್ತಿದ್ದವರನ್ನು ಕೊಳ್ಳೇಗಾಲದ ಬಸ್ಸು ಹತ್ತಿಸಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ನಾಯಿ ತಾನಾಗೇ ಕಚ್ತಾ, ನೀವೇನಾದ್ರೂ ಕೆಣಕಿದ್ರಾ?" ಎಂದು ಕೇಳಿದರು. ಅತ್ತೆ ನನ್ನನ್ನು ನೀರು ತರಲು ಕಳಿಸಿದರು. ನಾನು ಬಾಗಿಲವರೆಗೆ ಮಾತ್ರ ಹೋದೆ.

"ಎಲ್ಲಿಂದ್ಲೋ ಕೋಳಿ ಕಾಲು ಕಚ್ಕಂಡು ಜಗ್ಲಿಗೆ ಬಂತು ಕಣವ್ವ. ಕಿತ್ತೆಸೆಯಕ್ಕೋದೆ. ಮುಟ್ದೆ ಅಂತ ನಮ್ ಸೊಸೆಗೆ ಯೋಳ್ಬ್ಯಾಡ."

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕೆ.

ತೋಳಿಗೆ ಒಂದು ಸೂಜಿ ಚುಚ್ಚಿದ ಮೇಲೆ ನರ್ಸಮ್ಮ ಇನ್ನೊಂದನ್ನು ತಂದರು. ಅದು ಗಾಯದೊಳಕ್ಕೇ.

"ಒಂದು ಸಾಲ್ದಾ?" ಎಂದರು ಅತ್ತೆ.

"ತೋಳಿಂದು ನಿಮ್ ಮೈಗೆ ಅಡಿಗೆ ಕಲ್ಸುತ್ತೆ ಅಜ್ಜಿ. ಕಲಿಯಕ್ಕೆ ವಾರದ ಮೇಲಾಯ್ತದೆ. ಅಲ್ಲೀಗಂಟ ಉಪಾಸ ಇರಕ್ಕಾದದಾ? ಇದು ಪಕ್ಕದ್ಮನೆಯಿಂದ ಮಾಡಿಟ್ಟ ಊಟ ತಂದಂಗೆ," ಎಂದರು ನರ್ಸಮ್ಮ.

ಮಾಡಿಟ್ಟ ಊಟವೆಂದರೆ ಪ್ರತಿಕಾಯ ಎಂದು ಡಾಕ್ಟರು ವಿವರಿಸಿದರು. ಅದು ರೇಬೀಸ್ ವೈರಸ್ಸನ್ನು ಗಾಯದಲ್ಲೇ ಹಿಡಿದು ಹಾಕುತ್ತದಂತೆ. "ಮೆದುಳಿಗೆ ಏರಿಬಿಟ್ರೆ ಯಾವ ಔಷಧಿಗೂ ಬಗ್ಗಲ್ಲ," ಎಂದಾಗ ಅವರ ಮುಖದಲ್ಲಿ ನಗು ಇರಲಿಲ್ಲ. ಬಾಗಿಲಲ್ಲಿದ್ದ ನನ್ನ ನಗುವೂ ನಿಂತಿತು. ಒಳಗೆ ಹೋಗಿ ಅತ್ತೆಯ ಪಕ್ಕ ಕೂತೆ. ಎಂದೂ ನೋವೆನ್ನದ ಹೆಂಗಸು, ಅಂಗೈಗೆ ಸೂಜಿ ಇಳಿಯುವಾಗ ನನ್ನ ಮಣಿಕಟ್ಟು ಹಿಡಿದುಕೊಂಡರು. ಉಗುರಿನ ಗುರುತು ಎರಡು ದಿನ ಹೋಗಲಿಲ್ಲ.

ಮಿಕ್ಕ ಸೂಜಿಗಳನ್ನೂ ಅತ್ತೆ ಒಂದೂ ತಪ್ಪಿಸದೆ ಹಾಕಿಸಿಕೊಂಡರು. ನಾಯಿಗೂ ಏನೂ ಆಗಲಿಲ್ಲ.

ಮರುವರ್ಷ ಹನೂರಿನಲ್ಲಿ ಅವರ ತಮ್ಮನಿಗೆ ಬೀದಿನಾಯಿ ಕಚ್ಚಿತು. ಗಾಯಕ್ಕೆ ಖಾರದ ಪುಡಿ ಮೆತ್ತಿಕೊಂಡು ಕೂತಿದ್ದಾರೆ ಎಂದು ಫೋನು ಬಂತು. ಅತ್ತೆ ಫೋನಿನಲ್ಲೇ ಗದರಿದರು: "ಲೇ, ಮೊದ್ಲು ಸೋಪಾಕಿ ತೊಳ್ಕಳ್ಲಾ! ನಾನು ಬತ್ತೀನಿ." ನನ್ನನ್ನೂ ಎಳೆದುಕೊಂಡು ಹನೂರಿಗೆ ಹೋಗಿ, ಅರವತ್ತು ದಾಟಿದ ತಮ್ಮನನ್ನು ತೋಳು ಹಿಡಿದು ಆಸ್ಪತ್ರೆಗೆ ನಡೆಸಿದರು. ಅಲ್ಲಿ ಸಾಲಿನಲ್ಲಿ ಕೂತಿದ್ದವರಿಗೆಲ್ಲ ಪಾಠವೂ ಆಯಿತು.

"ತೋಳಿಗೆ ಆಕುಸ್ಕಂಡು ಎದ್ದೋಗ್ಬ್ಯಾಡಿ. ಗಾಯಕ್ಕೂ ಬೇಕಾ ಅಂತ ಕೇಳಿ."

ತಮ್ಮನಿಗೆ ಎರಡೂ ಬಿದ್ದವು. ಅವರು ಕಿರುಚಿದ್ದು ಗೇಟಿನವರೆಗೆ ಕೇಳಿಸಿತು. ಈಗ ಆರಾಮವಾಗಿದ್ದಾರೆ. ಅಕ್ಕನನ್ನು ಕಂಡರೆ ಮಾತ್ರ ಸ್ವಲ್ಪ ಅಳುಕು.